ಅಮ್ಮ ಒಂದು ಹಾಲಿನ ಕವರನ್ನೂ ಬಿಸಾಡುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ಮೇಡಂ, ನನಗೆ 41 ವರ್ಷ, ಬೆಂಗಳೂರಿನಲ್ಲಿದ್ದೇನೆ. ಅಮ್ಮನಿಗೆ 68. ಹಾಸನದ ಮನೆಯಲ್ಲಿ ಒಬ್ಬರೇ ಇದ್ದಾರೆ. ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದು ನಿವೃತ್ತರಾದವರು. ಮೊದಲಿನಿಂದಲೂ ಏನನ್ನೂ ಬಿಸಾಡುವವರಲ್ಲ. ಅಪ್ಪ ಇದ್ದಾಗ ರೇಗಾಡಿ ರೇಗಾಡಿ ಅದೆಲ್ಲ ಒಂದೇ ಕೋಣೆಯಲ್ಲಿ ಇರುತ್ತಿತ್ತು. ಅಪ್ಪ ತೀರಿಕೊಂಡು ಐದು ವರ್ಷವಾಯಿತು. ಈಗ ಎರಡು ಕೋಣೆಗಳ ಬಾಗಿಲು ಪೂರ್ತಿ ತೆರೆಯುವುದಿಲ್ಲ. ತೊಳೆದು ಮಡಿಸಿಟ್ಟ ಹಾಲಿನ ಕವರ್, ಹಳೇ ಪೇಪರ್, ಮೊಸರಿನ ಡಬ್ಬ, ತಾಂಬೂಲದ ಚೀಲ, ರವಿಕೆ ಕಣ, ಲಗ್ನಪತ್ರಿಕೆ, ಶಾಲೆ ಮಕ್ಕಳ ನೋಟ್‌ಬುಕ್ಕು, ಕೆಟ್ಟುಹೋದ ಮೂರು ಮಿಕ್ಸಿ. ಅಮ್ಮ ಮಲಗುವುದು ಹಾಲ್‌ನಲ್ಲಿ, ದಿವಾನದ ಅರ್ಧ ಭಾಗದಲ್ಲಿ. ಇನ್ನರ್ಧದಲ್ಲಿ ಬಟ್ಟೆ ಗಂಟು.

ಕಳೆದ ದೀಪಾವಳಿಗೆ ಮುಂಚೆ ಅಮ್ಮ ಅರಸೀಕೆರೆಗೆ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ನಾನು, ತಮ್ಮ ಸೇರಿ ಮೂರು ಟೆಂಪೊ ಸಾಮಾನು ಹೊರಗೆ ಹಾಕಿಸಿದೆವು. ಅವರಿಗೆ ಖುಷಿಯಾಗುತ್ತೆ ಅಂದುಕೊಂಡಿದ್ದೆವು. ಬಂದವರು ಬಾಗಿಲಲ್ಲೇ ನಿಂತರು. ಚಪ್ಪಲಿ ಕೂಡ ಬಿಡಲಿಲ್ಲ. "ನಿಮ್ಮಪ್ಪನ ಡೈರಿ ಎಲ್ಲಿ?" ಅಂದರು. ಅದು ಹಳೇ ಪೇಪರಿನ ಜೊತೆ ಹೋಗಿತ್ತು. ಎರಡು ದಿನ ಊಟ ಮಾಡಲಿಲ್ಲ. ಈಗ ಕೋಣೆಗಳಿಗೆ ಬೀಗ ಹಾಕಿದ್ದಾರೆ, ಬೀಗದ ಕೈ ಸೊಂಟದಲ್ಲೇ ಇರುತ್ತದೆ. ಮನೆ ಮತ್ತೆ ತುಂಬುತ್ತಿದೆ, ಮೊದಲಿಗಿಂತ ಜೋರಾಗಿ. ಇದು ಜಿಪುಣತನವಾ, ಹುಚ್ಚಾ? ಇದಕ್ಕೆ ಮಾತ್ರೆ ಇದೆಯಾ? ಬೆಂಗಳೂರಿಗೆ ಕರೆತಂದುಬಿಡಲಾ? ಇನ್ನೊಂದು ಭಯ ಇದೆ. ನನ್ನ ಮಕ್ಕಳ ಚಿಕ್ಕಂದಿನ ಬಟ್ಟೆಗಳನ್ನು ನಾನೂ ಯಾರಿಗೂ ಕೊಟ್ಟಿಲ್ಲ. ನನಗೂ ಇದು ಬರುತ್ತಾ?

ಉತ್ತರ: ಮೊದಲು ಆ ಡೈರಿಯ ಮಾತು. ಅದು ಇನ್ನು ಸಿಗುವುದಿಲ್ಲ. ಅಮ್ಮನ ಹತ್ತಿರ ಕ್ಷಮೆ ಕೇಳಿದಿರಾ ಇಲ್ಲವಾ ಅಂತ ನೀವು ಬರೆದಿಲ್ಲ. ಕೇಳಿಲ್ಲ ಅಂದರೆ ಬೇರೆ ಯಾವ ಉಪಾಯಕ್ಕೂ ಮುಂಚೆ ಅದಾಗಲಿ. "ಅಮ್ಮಾ, ನಿನ್ನನ್ನು ಕೇಳದೆ ನಿನ್ನ ಸಾಮಾನು ಮುಟ್ಟಿದ್ದು ತಪ್ಪಾಯಿತು. ಅಪ್ಪನ ಡೈರಿ ನನ್ನಿಂದ ಹೋಯಿತು. ಇನ್ನು ನೀನು ಹೇಳದೆ ಒಂದು ಕಾಗದವನ್ನೂ ಮುಟ್ಟುವುದಿಲ್ಲ." ಇಷ್ಟು ಸಾಕು. "ಆದರೆ ಮನೆ ಹೇಗಿತ್ತು ನೋಡು" ಅನ್ನುವ ಬಾಲ ಬೇಡ. ಆ ಬಾಲ ಸೇರಿದರೆ ಕ್ಷಮೆ ಹೋಗಿ ಜಗಳವಾಗುತ್ತದೆ.

ನಿಮ್ಮನ್ನು ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕುಟುಂಬಕ್ಕೆ ನಾನೇ ಇದೇ ಸಲಹೆ ಕೊಟ್ಟಿದ್ದೆ. ಮನೆಯ ಯಜಮಾನರು ಕಣ್ಣಿನ ಪೊರೆ ಆಪರೇಷನ್‌ಗೆ ಆಸ್ಪತ್ರೆಯಲ್ಲಿದ್ದರು. "ಒಳ್ಳೇ ಸಮಯ, ಖಾಲಿ ಮಾಡಿಬಿಡಿ" ಅಂದಿದ್ದೆ. ಅವರು ಮನೆಗೆ ಬಂದ ಮೇಲೆ ಮಗನ ಜೊತೆ ಮಾತು ಬಿಟ್ಟರು. ಒಂದೂವರೆ ವರ್ಷದಲ್ಲಿ ಮನೆ ಮತ್ತೆ ತುಂಬಿತು. ಮಗ ಬಂದು ನನ್ನ ಮುಂದೆ ಕೂತು, "ಸಾಮಾನು ವಾಪಸ್ ಬಂತು ಮೇಡಂ, ಅಪ್ಪ ಬರಲಿಲ್ಲ" ಅಂದರು. ಆಮೇಲೆ ಆ ಸಲಹೆಯನ್ನು ನಾನು ಯಾರಿಗೂ ಕೊಟ್ಟಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಸಂಕಟ ಒಂದರೊಳಗೊಂದು ಸೇರಿಕೊಂಡಿವೆ. ಅಮ್ಮನಿಗೆ ಏನಾಗಿದೆ ಅಂತ ಗೊತ್ತಾಗಬೇಕು, ಇದು ಒಂದು. ಒಳ್ಳೆಯದು ಮಾಡಲು ಹೋಗಿ ಅಮ್ಮನನ್ನೇ ದೂರ ಮಾಡಿಕೊಂಡೆನಾ, ಇದು ಇನ್ನೊಂದು. ಮೊದಲನೆಯದು ಅರ್ಥವಾದರೆ ಎರಡನೆಯದಕ್ಕೂ ದಾರಿ ಕಾಣುತ್ತದೆ.

ಎತ್ತಿಡುವುದು ನಮ್ಮ ಮನೆಗಳಲ್ಲಿ ರೋಗವಲ್ಲ. ಕಷ್ಟಪಟ್ಟು ಬದುಕಿದ ಎರಡು ತಲೆಮಾರು ಅದನ್ನು ಒಳ್ಳೇ ಗುಣ ಅಂತಲೇ ಕಲಿಸಿವೆ. ಹಾಲಿನ ಕವರ್ ತೊಳೆದು ಗೋಡೆಗೆ ಅಂಟಿಸಿ ಒಣಗಿಸಿ ಕೆಜಿ ಲೆಕ್ಕದಲ್ಲಿ ಮಾರುವುದನ್ನು ನಾವೆಲ್ಲ ನೋಡಿದ್ದೇವೆ. ಉತ್ತರ ಕರ್ನಾಟಕದಲ್ಲಿ ಹಳೇ ಸೀರೆಗಳನ್ನು ವರ್ಷಗಟ್ಟಲೆ ಎತ್ತಿಟ್ಟು ಕೌದಿ ಹೊಲಿಯುತ್ತಾರೆ. ಅಲ್ಲಿ ಸೀರೆ ಕೊನೆಗೆ ಕೌದಿಯಾಗುತ್ತದೆ, ಒಂದು ಮಗುವಿನ ಮೈಮೇಲೆ ಬೀಳುತ್ತದೆ. ನಾನು ಹೇಳುತ್ತಿರುವ ತೊಂದರೆಯಲ್ಲಿ ಕೌದಿ ಹೊಲಿಯುವ ದಿನ ಬರುವುದೇ ಇಲ್ಲ. ಸೀರೆ ಮಾತ್ರ ಬರುತ್ತಲೇ ಇರುತ್ತದೆ.

ಹಾಗಾದರೆ ಗೆರೆ ಎಲ್ಲಿದೆ? ನಾನು ಮೂರು ವಿಷಯ ನೋಡುತ್ತೇನೆ. ಬೆಲೆ ಇಲ್ಲದ ವಸ್ತುವನ್ನು ಬಿಡುವಾಗಲೂ ನಿಜವಾದ ಸಂಕಟ ಆಗುತ್ತದಾ? ಜಾಗ ತನ್ನ ಕೆಲಸಕ್ಕೆ ಸಿಗದೇ ಹೋಗಿದೆಯಾ, ಅಂದರೆ ಮಂಚದಲ್ಲಿ ಮಲಗಲು, ಒಲೆಯಲ್ಲಿ ಅಡುಗೆ ಮಾಡಲು ಆಗದ ಹಾಗೆ? ಇದರಿಂದ ಆರೋಗ್ಯಕ್ಕೆ, ಸಂಬಂಧಕ್ಕೆ ಪೆಟ್ಟು ಬಿದ್ದಿದೆಯಾ? ಮೂರಕ್ಕೂ ಹೌದು ಅಂದರೆ ಅದು ಬರೀ ಅಭ್ಯಾಸವಲ್ಲ. ಕೋಣೆ ಎಷ್ಟು ತುಂಬಿದೆ ಅಂತ ಅಳೆಯಲು ನಾವು ಫೋಟೊಗಳನ್ನು ಬಳಸುತ್ತೇವೆ. ಒಂದೇ ಕೋಣೆ 1ರಿಂದ 9ರವರೆಗೆ ಸ್ವಲ್ಪ ಸ್ವಲ್ಪವೇ ತುಂಬುತ್ತಾ ಹೋಗುವ ಫೋಟೊಗಳು. ನಿಮ್ಮ ಕೋಣೆ ಯಾವುದನ್ನು ಹೋಲುತ್ತದೆ ಅಂತ ಬೆರಳಿಟ್ಟು ತೋರಿಸಬೇಕು. 4 ಅಥವಾ ಅದಕ್ಕಿಂತ ಮೇಲೆ ಅಂದರೆ ನೆರವು ಬೇಕು ಅಂತ ಅರ್ಥ. ಬಾಗಿಲು ಪೂರ್ತಿ ತೆರೆಯದ ಕೋಣೆ ಅಂದರೆ ಅದನ್ನು ಯಾವತ್ತೋ ದಾಟಿದೆ. ನಾನು ಅಮ್ಮನನ್ನು ನೋಡಿಲ್ಲ, ಹಾಗಾಗಿ ಇದೇ ಕಾಯಿಲೆ ಅಂತ ಕಾಗದದ ಮೇಲೆ ತೀರ್ಪು ಕೊಡಲಾರೆ. ನೀವು ಬರೆದಿದ್ದೆಲ್ಲ ಮಾತ್ರ ಆ ಕಡೆಗೇ ಬೊಟ್ಟು ಮಾಡುತ್ತದೆ.

ಇದಕ್ಕೆ ಹೋರ್ಡಿಂಗ್ ಡಿಸಾರ್ಡರ್ ಅಂತ ಹೆಸರು. ಕನ್ನಡದಲ್ಲಿ ಕೂಡಿಡುವ ಕಾಯಿಲೆ ಅನ್ನಬಹುದು. ತುಂಬಾ ಕಾಲ ಇದನ್ನು ಗೀಳು ರೋಗದ, ಅಂದರೆ ಓಸಿಡಿಯ ಒಂದು ಲಕ್ಷಣ ಅಂತಲೇ ಎಣಿಸುತ್ತಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಬೇರೆಯೇ ಕಾಯಿಲೆ ಅಂತ ಗುರುತಿಸಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಇದಕ್ಕೆ ಸ್ವಂತ ಜಾಗ ಸಿಕ್ಕಿತು. ಇದು ಬರೀ ಹೆಸರಿನ ವಿಷಯವಲ್ಲ. ಗೀಳು ರೋಗದವರಿಗೆ ಆ ಯೋಚನೆಗಳೇ ಹಿಂಸೆ, ಬೇಡಬೇಡ ಅಂದರೂ ಬರುತ್ತವೆ. ಇವರಿಗೆ ಹಾಗಲ್ಲ. ಕೂಡಿಡುವಾಗ ಸಮಾಧಾನ, ಒಂಥರಾ ಸಂತೋಷ. ಹಿಂಸೆ ಶುರುವಾಗುವುದು ಬಿಡು ಅಂದಾಗ. ಅದಕ್ಕೇ "ನನಗೇನಾಗಿದೆ, ನಾನು ಚೆನ್ನಾಗೇ ಇದ್ದೀನಿ" ಅನ್ನುತ್ತಾರೆ. ಅದು ಹಟವಲ್ಲ, ಅವರಿಗೆ ನಿಜವಾಗಿ ಕಾಣುವುದೇ ಹಾಗೆ.

ಇದು ಅಪರೂಪವೂ ಅಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಸೇರಿಸಿ ನೋಡಿದರೆ ನೂರಕ್ಕೆ ಎರಡು ಮೂರು ಜನರಿಗೆ ಇದು ಇರುತ್ತದೆ. 1990ರ ದಶಕದ ಶುರುವಿನಲ್ಲಿ ರ‍್ಯಾಂಡಿ ಫ್ರಾಸ್ಟ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು, ಅವರ ಒಬ್ಬ ವಿದ್ಯಾರ್ಥಿನಿ ಸೇರಿ, "ಏನನ್ನೂ ಬಿಸಾಡದವರು ಇದ್ದರೆ ಫೋನ್ ಮಾಡಿ" ಅಂತ ಊರಿನ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಒಬ್ಬರೋ ಇಬ್ಬರೋ ಸಿಗಬಹುದು ಅಂದುಕೊಂಡಿದ್ದವರಿಗೆ ನೂರಕ್ಕೂ ಹೆಚ್ಚು ಕರೆ ಬಂದವು. ಅಷ್ಟು ಜನ ಅಷ್ಟು ದಿನ ಯಾರಿಗೂ ಹೇಳದೆ ಬಾಗಿಲು ಹಾಕಿಕೊಂಡಿದ್ದರು. ನಮ್ಮಲ್ಲೂ ಅಷ್ಟೇ ಅಲ್ವಾ? ನೆಂಟರು ಬಂದರೆ ಹೊರಗೇ ಕುರ್ಚಿ ಹಾಕುವ ಮನೆಗಳು ನಿಮ್ಮ ಬೀದಿಯಲ್ಲೂ ಒಂದೆರಡು ಇರಬಹುದು.

ಇನ್ನು ಜಿಪುಣತನದ ಮಾತು. ಜಿಪುಣರು ದುಡ್ಡು ಉಳಿಸುತ್ತಾರೆ. ಇವರಿಗೆ ದುಡ್ಡಿನ ಲೆಕ್ಕವೇ ಇರುವುದಿಲ್ಲ. ಸೇಲ್‌ನಲ್ಲಿ ಆರು ಬೆಡ್‌ಶೀಟ್ ತಂದು ಪ್ಯಾಕೆಟ್ ಕೂಡ ಒಡೆಯದೆ ಇಟ್ಟವರನ್ನು ನೋಡಿದ್ದೇನೆ. ಸೋಮಾರಿತನವೂ ಅಲ್ಲ. ಸಾವಿರ ಕವರ್ ತೊಳೆದು, ಒಣಗಿಸಿ, ಚೌಕಾಕಾರಕ್ಕೆ ಮಡಿಸುವವರು ಸೋಮಾರಿ ಹೇಗಾಗುತ್ತಾರೆ? ಬಡತನ ನೋಡಿದವರಿಗೆ ಮಾತ್ರ ಬರುತ್ತದೆ ಅನ್ನುವುದೂ ಸುಳ್ಳು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹೋಮರ್ ಮತ್ತು ಲ್ಯಾಂಗ್ಲಿ ಕಾಲಿಯರ್ ಅನ್ನುವ ಅಣ್ಣತಮ್ಮಂದಿರಿದ್ದರು. ತಂದೆ ಡಾಕ್ಟರು. ಅಣ್ಣ ವಕೀಲಿ ಓದಿದವರು, ತಮ್ಮ ಎಂಜಿನಿಯರಿಂಗ್ ಓದಿದವರು. 1947ರಲ್ಲಿ ಇಬ್ಬರೂ ಮನೆಯೊಳಗೇ ಸತ್ತು ಸಿಕ್ಕರು. ತಮ್ಮನ ಮೇಲೆ ರಾಶಿ ಕುಸಿದಿತ್ತು. ಕಣ್ಣು ಕಾಣದ ಅಣ್ಣ ಊಟ ಕೊಡುವವರಿಲ್ಲದೆ ಹೋಗಿದ್ದರು. ಆ ಮನೆಯಿಂದ ನೂರು ಟನ್‌ಗೂ ಜಾಸ್ತಿ ಸಾಮಾನು ತೆಗೆದರು. ಅದರಲ್ಲಿ 14 ಪಿಯಾನೊಗಳಿದ್ದವು.

ಹುಚ್ಚು ಅನ್ನುವ ಪದವನ್ನು ದಯವಿಟ್ಟು ಮನೆಯಲ್ಲಿ ಬಳಸಬೇಡಿ. ತಮ್ಮನಿಗೂ ಹೇಳಿ.

ಹಾಗಾದರೆ ಒಳಗೆ ಏನು ನಡೆಯುತ್ತದೆ? ನನ್ನ ಅನುಭವದಲ್ಲಿ ಈ ಕಾಯಿಲೆಯ ತಿರುಳು ಸಾಮಾನಿನಲ್ಲಿಲ್ಲ, ತೀರ್ಮಾನ ತೆಗೆದುಕೊಳ್ಳುವುದರಲ್ಲಿದೆ. 2012ರಲ್ಲಿ ಅಮೆರಿಕದ ಡೇವಿಡ್ ಟೋಲಿನ್ ಮತ್ತು ಅವರ ತಂಡದವರು ಒಂದು ಪರೀಕ್ಷೆ ಮಾಡಿದರು. ಅಂಚೆಯಲ್ಲಿ ಬರುವ ಜಾಹೀರಾತು ಕಾಗದಗಳಿರುತ್ತವಲ್ಲ, ಅವನ್ನು ಮನೆಯಿಂದ ತರಲು ಈ ಕಾಯಿಲೆ ಇರುವವರಿಗೂ ಇಲ್ಲದವರಿಗೂ ಹೇಳಿದರು. ಮಿದುಳಿನ ಸ್ಕ್ಯಾನ್ ನಡೆಯುತ್ತಿರುವಾಗ ಒಂದೊಂದೇ ಕಾಗದ ತೋರಿಸಿ, "ಇಟ್ಟುಕೊಳ್ಳಲಾ, ಹರಿದುಹಾಕಲಾ?" ಅಂತ ಕೇಳಿದರು. ತಮ್ಮದಲ್ಲದ ಕಾಗದ ಬಂದಾಗ, ಯಾವುದು ಮುಖ್ಯ ಅಂತ ತೂಗಿ ನೋಡುವ ಮಿದುಳಿನ ಭಾಗಗಳು ಕಾಯಿಲೆ ಇರುವವರಲ್ಲಿ ಇಲ್ಲದವರಿಗಿಂತ ಕಡಿಮೆ ಕೆಲಸ ಮಾಡಿದವು. ಸ್ವಂತ ಕಾಗದ ಬಂದ ಕೂಡಲೇ ಅದೇ ಭಾಗಗಳು ಅತಿಯಾಗಿ ಕೆಲಸ ಮಾಡಿದವು. ನಮಗೆ ರದ್ದಿ ಕಾಗದ. ಅವರ ಮಿದುಳಿಗೆ ಅದು ಜೀವನದ ದೊಡ್ಡ ತೀರ್ಮಾನದಷ್ಟು ಭಾರ.

ಇದನ್ನು ನಾನು ಒಂದು ಮನೆಯಲ್ಲಿ ಕಣ್ಣಾರೆ ಕಂಡೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಹೇಳುತ್ತೇನೆ. ಅರವತ್ತು ದಾಟಿದ ಹೆಂಗಸು. ನಾವಿಬ್ಬರೂ ಚಾಪೆಯ ಮೇಲೆ ಕೂತಿದ್ದೆವು, ಮಧ್ಯೆ ಲಗ್ನಪತ್ರಿಕೆಗಳ ಒಂದು ಕಟ್ಟು. ಮೊದಲ ಪತ್ರಿಕೆ ಕೈಗೆತ್ತಿಕೊಂಡರು. ಮೂಲೆಯಲ್ಲಿ ಅರಿಸಿನ ಹಚ್ಚಿದ್ದು ಇನ್ನೂ ಇತ್ತು. ಹೆಸರು ಓದಿದರು. "ಈ ಹುಡುಗಿ ನಮ್ಮ ಮನೆಯಲ್ಲೇ ಓದಿದ್ದು" ಅಂದರು. ತಿರುಗಿಸಿದರು. ಮತ್ತೆ ಮುಂದೆ ತಿರುಗಿಸಿದರು. "ಗಣಪತಿ ಚಿತ್ರ ಇದೆ ಮೇಡಂ, ಹೇಗೆ ಬಿಸಾಕಲಿ?" ಅಂದರು. ಹಣೆಯಲ್ಲಿ ಬೆವರು. ಮೂರು ಪತ್ರಿಕೆಗೆ ನಲವತ್ತು ನಿಮಿಷ ಹಿಡಿಯಿತು. ಆ ನಲವತ್ತು ನಿಮಿಷದಲ್ಲಿ ಅವರು ಪಟ್ಟ ಶ್ರಮ ನನ್ನ ಕಣ್ಣಿಗೆ ಕಾಣುತ್ತಿತ್ತು. ಅವರ ಸೊಸೆಗೆ ಕಾಣುತ್ತಿದ್ದದ್ದು ಕಟ್ಟು ಹಾಗೇ ಇರುವುದು ಮಾತ್ರ.

ಕೊನೆಗೆ ಅವರೇ ದಾರಿ ಹುಡುಕಿದರು. ಗಣಪತಿಯನ್ನಷ್ಟು ಕತ್ತರಿಸಿ ಒಂದು ಡಬ್ಬಿಯಲ್ಲಿಟ್ಟು, ಉಳಿದದ್ದನ್ನು ಬಿಟ್ಟರು. ಕೆಲವು ವಾರದಲ್ಲಿ ಡಬ್ಬಿಯೇ ತುಂಬಿತು. ಇದೇ ಹೊಸ ರಾಶಿಯಾಗುತ್ತದಾ ಅಂತ ನನಗೆ ಆತಂಕವಿತ್ತು. ಚೌತಿ ದಿನ ಮಣ್ಣಿನ ಗಣಪನನ್ನು ಬಕೆಟ್ಟಿನಲ್ಲಿ ಬಿಡುವಾಗ ಇವನ್ನೂ ಜೊತೆಗೆ ಬಿಟ್ಟು, ಕರಗಿದ ಮೇಲೆ ಗಿಡದ ಬುಡಕ್ಕೆ ಹಾಕಿದರು. ಹಳೇ ದೇವರ ಫೋಟೊಗಳನ್ನು ಅಶ್ವತ್ಥಕಟ್ಟೆಯ ಮೇಲೆ ಇಟ್ಟು ಬರುತ್ತೇವಲ್ಲ, ಅದೂ ಇದೇ. ಬಿಸಾಡುವುದು ಬೇರೆ, ಬೀಳ್ಕೊಡುವುದು ಬೇರೆ. ನಿಮ್ಮ ಅಮ್ಮನಿಗೂ ಕೆಲವು ವಸ್ತುಗಳಿಗೆ ಇಂಥ ದಾರಿ ಬೇಕಾಗಬಹುದು. ಕಾಗದ ಸರಸ್ವತಿ ಅಂತ ಮಕ್ಕಳಿಗೆ ಕಲಿಸಿದ ಟೀಚರ್ ಅವರು.

ಬೇರೆ ಕಾರಣಗಳೂ ಸೇರಿಕೊಳ್ಳುತ್ತವೆ. ಇದರ ಬೇರು ಸಾಮಾನ್ಯವಾಗಿ 11ರಿಂದ 15ನೇ ವಯಸ್ಸಿನಲ್ಲೇ ಕಾಣಿಸುತ್ತದೆ, ವಯಸ್ಸಾದ ಹಾಗೆ ಬಲಿಯುತ್ತದೆ. ಕಣ್ಣಿಗೆ ಕಾಣದಿದ್ದರೆ ಮರೆತೇಹೋಗುತ್ತದೆ ಅನ್ನುವ ಭಯಕ್ಕೆ ಎಲ್ಲವನ್ನೂ ಹೊರಗೇ ಪೇರಿಸುತ್ತಾರೆ. ತುಂಬಾ ಜನರಿಗೆ ಜೊತೆಯಲ್ಲಿ ಖಿನ್ನತೆ ಅಥವಾ ಆತಂಕದ ಕಾಯಿಲೆ ಇರುತ್ತದೆ. ಹತ್ತಿರದವರ ಸಾವು ಇದನ್ನು ಜೋರು ಮಾಡುತ್ತದೆ. ಅಪ್ಪ ಇದ್ದಾಗ ಅವರ ರೇಗಾಟ ಒಂದು ಕಟ್ಟೆಯ ಹಾಗಿತ್ತು. ಕಟ್ಟೆ ಹೋಯಿತು, ಜೊತೆಗೆ ಮನೆಯಲ್ಲಿ ಮಾತಾಡುವ ದನಿಯೂ ಹೋಯಿತು. ಐದು ವರ್ಷದಿಂದ ಅಮ್ಮ ಎಷ್ಟು ಅತ್ತಿದ್ದಾರೆ, ಯಾರ ಹತ್ತಿರ ಅತ್ತಿದ್ದಾರೆ? ಇದನ್ನು ಒಮ್ಮೆ ಕೇಳಿ ನೋಡಿ.

ಈಗ ಮುಂದಿನ ದಾರಿ. ಏನೂ ಮಾಡದೆ ಇದ್ದುಬಿಡುವುದು ಒಂದು. ಅಮ್ಮನ ಮನಸ್ಸಿಗೆ ಇವತ್ತು ಅದೇ ಹಿತ, ಆದರೆ ಅಪಾಯ ನಿಜ. ಮೆಲ್ಬರ್ನ್ ನಗರದ ಅಗ್ನಿಶಾಮಕ ದಳ ಹತ್ತು ವರ್ಷದ ಲೆಕ್ಕ ತೆಗೆದು ನೋಡಿದಾಗ, ಮನೆಗಳಿಗೆ ಬಿದ್ದ ಬೆಂಕಿಯಲ್ಲಿ ಇಂಥ ತುಂಬಿದ ಮನೆಗಳ ಪಾಲು ಶೇ 0.25 ಮಾತ್ರ ಇತ್ತು. ತಡೆಯಬಹುದಾಗಿದ್ದ ಸಾವುಗಳಲ್ಲಿ ಅವುಗಳ ಪಾಲು ಶೇ 24. ನಮ್ಮ ಮನೆಗಳಲ್ಲಿ ದೇವರ ದೀಪ ಇದೆ, ಗ್ಯಾಸ್ ಇದೆ. 68ರ ವಯಸ್ಸಿನಲ್ಲಿ ರಾತ್ರಿ ಬಚ್ಚಲಿಗೆ ಹೋಗುವಾಗ ಕವರಿನ ಮೇಲೆ ಕಾಲಿಟ್ಟು ಜಾರಿದರೆ ಸೊಂಟದ ಮೂಳೆಗೇ ಪೆಟ್ಟು. ಇಲಿ, ಜಿರಳೆ, ಧೂಳಿಗೆ ಬರುವ ಉಬ್ಬಸ ಬೇರೆ.

ಮತ್ತೊಮ್ಮೆ ಟೆಂಪೊ ತರಿಸುವುದು ಇನ್ನೊಂದು ದಾರಿ. ಅದರ ಫಲ ನೀವೇ ನೋಡಿದ್ದೀರಿ. ಮನೆ ಖಾಲಿಯಾದರೂ ತೀರ್ಮಾನ ಮಾಡುವ ಶಕ್ತಿ ಒಂಚೂರೂ ಬೆಳೆಯುವುದಿಲ್ಲ. ನಂಬಿಕೆ ಮಾತ್ರ ಹೋಗುತ್ತದೆ. ಬೆಂಕಿಯಂಥ ತಕ್ಷಣದ ಅಪಾಯ ಇದ್ದಾಗ ಬಿಟ್ಟರೆ ಇದಕ್ಕೆ ಕೈ ಹಾಕಬಾರದು. ಆಗಲೂ ಅವರ ಎದುರಿಗೇ, ಹೇಳಿಯೇ ಮಾಡಬೇಕು.

ಆದ್ದರಿಂದ ಶುರು ಮಾಡಬೇಕಾದದ್ದು ಸುರಕ್ಷತೆಯಿಂದ. ಮನೆ ಖಾಲಿಯಾಗಲಿ ಅನ್ನುವ ಆಸೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಾಲ್ಕು ಜಾಗ ಸಾಕು: ಒಲೆಯ ಸುತ್ತ ಮೂರಡಿ, ದೇವರ ದೀಪದ ಸುತ್ತ ಮೂರಡಿ, ದಿವಾನದಿಂದ ಬಚ್ಚಲಿಗೆ ಒಬ್ಬರು ಆರಾಮಾಗಿ ನಡೆಯುವಷ್ಟು ದಾರಿ, ಮತ್ತೆ ಮುಂಬಾಗಿಲು. ಇಲ್ಲಿಂದ ಏನನ್ನೂ ಬಿಸಾಡುವುದು ಬೇಡ, ಸರಿಸಿದರೆ ಸಾಕು ಅಂತ ಹೇಳಿ. "ನೀನು ಬೀಳಬಾರದು, ಅಷ್ಟೇ" ಅನ್ನಿ. ಈ ಮಾತಿಗೆ ಒಪ್ಪದವರನ್ನು ನಾನು ಕಂಡಿದ್ದು ಕಡಿಮೆ. ವೈರ್‌ಗಳ ಮೇಲೆ ಪೇಪರ್ ಬಿದ್ದಿದೆಯಾ ನೋಡಿ. ಬೀಗ ಹಾಕಿದ ಕೋಣೆಗಳ ಕೈ ಕೇಳಬೇಡಿ. ಅವರಾಗೇ ಕೊಡುವ ದಿನ ಬರಲಿ.

ಇದರ ಜೊತೆಗೇ ಡಾಕ್ಟರಿಗೆ ತೋರಿಸಬೇಕು. ಮನೆ ಕ್ಲೀನ್ ಮಾಡಿಸುವುದಕ್ಕೆ ಡಾಕ್ಟರು ಅಂದರೆ ಅವರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ನಿದ್ದೆ, ಬೇಜಾರು, ಅಪ್ಪ ಹೋದ ಮೇಲಿನ ಒಂಟಿತನ, ಇವುಗಳ ಹೆಸರಲ್ಲಿ ಕರೆಯಿರಿ. ಇದು ಸುಳ್ಳೂ ಅಲ್ಲ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಬೆಂಗಳೂರಿಗೆ ಬಂದಾಗ ನಿಮ್ಹಾನ್ಸ್‌ಗೂ ತೋರಿಸಬಹುದು. ನೆನಪಿನ ಶಕ್ತಿಯನ್ನು ಪರೀಕ್ಷೆ ಮಾಡಿಸುವುದನ್ನು ಮರೆಯಬೇಡಿ. ಮರೆವಿನ ಕಾಯಿಲೆಯಲ್ಲೂ ಕೆಲವರು ಕೂಡಿಡುತ್ತಾರೆ, ಆದರೆ ಅದರ ಚಿಕಿತ್ಸೆ ಪೂರ್ತಿ ಬೇರೆ. ಮೊದಲಿಂದಲೂ ಹೀಗೇ ಇದ್ದರು ಅಂತ ನೀವು ಬರೆದಿರುವುದರಿಂದ ಅದರ ಸಾಧ್ಯತೆ ಕಡಿಮೆ ಅನಿಸುತ್ತದೆ. ಅರವತ್ತರ ನಂತರ ಇದ್ದಕ್ಕಿದ್ದ ಹಾಗೆ ಶುರುವಾಗಿದ್ದರೆ ನಾನು ಮೊದಲು ಅದನ್ನೇ ನೋಡುತ್ತಿದ್ದೆ. ಬಲವಂತದ ಆಸ್ಪತ್ರೆ ಸೇರಿಸುವಿಕೆ ಇದಕ್ಕೆ ದಾರಿಯಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ವ್ಯಕ್ತಿಯ ಒಪ್ಪಿಗೆಗೆ ದೊಡ್ಡ ಬೆಲೆ ಕೊಡುತ್ತದೆ. ಮನೆ ತುಂಬಿದೆ ಅನ್ನುವುದಷ್ಟೇ ಯಾರನ್ನೂ ಎಳೆದೊಯ್ಯಲು ಕಾರಣವಾಗುವುದಿಲ್ಲ. ಅಮ್ಮ ಬರುವುದೇ ಇಲ್ಲ ಅಂದರೆ ನೀವೇ ಹೋಗಿ ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಮಾತ್ರೆ ಇದೆಯಾ ಅಂತ ಕೇಳಿದ್ದೀರಿ. ಕೂಡಿಡುವುದನ್ನೇ ನಿಲ್ಲಿಸುವ ಮಾತ್ರೆ ಇಲ್ಲ. ಖಿನ್ನತೆಗೆ ಕೊಡುವ ಕೆಲವು ಔಷಧಿಗಳನ್ನು ಇದರಲ್ಲೂ ಪರೀಕ್ಷೆ ಮಾಡಿದ್ದಾರೆ, ಕೆಲವರಿಗೆ ಅನುಕೂಲವಾಗಿದೆ, ಆದರೆ ಆ ಅಧ್ಯಯನಗಳು ಚಿಕ್ಕವು. ಅಮ್ಮನಿಗೆ ಖಿನ್ನತೆ ಇದೆ ಅಂತ ಗೊತ್ತಾದರೆ ಅದಕ್ಕೆ ಮಾತ್ರೆ ನೆರವಾಗಬಹುದು. ಮನಸ್ಸು ಸ್ವಲ್ಪ ಹಗುರಾದರೆ ತೀರ್ಮಾನ ಮಾಡುವುದೂ ಸುಲಭ. ಮನೋವೈದ್ಯರು ಕೊಡಬೇಕು, ಮಧ್ಯದಲ್ಲಿ ನಿಲ್ಲಿಸಬಾರದು. ಬಿಪಿ, ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ.

ಹೆಚ್ಚು ಆಧಾರ ಇರುವ ಚಿಕಿತ್ಸೆ ಅಂದರೆ ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ, ಕೂಡಿಡುವ ಕಾಯಿಲೆಗೆ ಅಂತಲೇ ಹೊಂದಿಸಿದ್ದು. ಸುಮಾರು 26 ಭೇಟಿಗಳಾಗುತ್ತವೆ, ಕೆಲವು ಮನೆಯಲ್ಲೇ. ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಪೂರ್ತಿ ವಾಸಿಯಾಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಹೆಚ್ಚಿನವರು ಸುಧಾರಿಸುತ್ತಾರೆ, ಆದರೂ ಮನೆ ಪತ್ರಿಕೆಯ ಫೋಟೊದ ಹಾಗೆ ಆಗುವುದಿಲ್ಲ. ಮಂಚದ ಮೇಲೆ ಮಲಗುತ್ತಾರೆ, ಮೊಮ್ಮಕ್ಕಳು ರಜೆಗೆ ಬಂದು ಇರುತ್ತಾರೆ. ನನಗೆ ಅದು ದೊಡ್ಡ ವಿಷಯ.

ಅದರಲ್ಲಿ ಮಾಡುವ ಕೆಲವನ್ನು ಮನೆಯಲ್ಲೂ ಮಾಡಬಹುದು, ಅಮ್ಮ ಒಪ್ಪಿದರೆ. ಮೊದಲು ಅವರಿಗೆ ಏನು ಬೇಕು ಅಂತ ಕೇಳಿ. ನಿಮಗೆ ಖಾಲಿ ಕೋಣೆ ಬೇಕು, ಅವರಿಗೆ ಬಹುಶಃ ಮೊಮ್ಮಕ್ಕಳು ಬೇಕು. ಅಲ್ಲಿಂದ ಹೊರಡಿ. ಅಪ್ಪನ ಶರ್ಟು, ಕನ್ನಡಕ, ಪತ್ರಗಳ ಹತ್ತಿರ ಸುಳಿಯಲೇಬೇಡಿ. ಅವು ಕೊನೆಗೆ, ಅಥವಾ ಯಾವತ್ತೂ ಬೇಡ. ಮನಸ್ಸಿಗೆ ಕಡಿಮೆ ಅಂಟಿದ ವಸ್ತುವಿನಿಂದ ಶುರು ಮಾಡಿ, ಮೊಸರಿನ ಡಬ್ಬದಂಥದ್ದು. ದಿನಕ್ಕೆ ಇಪ್ಪತ್ತು ನಿಮಿಷ, ಗಡಿಯಾರ ಇಟ್ಟುಕೊಂಡು. ವಸ್ತುವನ್ನು ಎತ್ತುವುದು, ಇಡುವುದು, ಬಿಡುವುದು ಎಲ್ಲ ಅಮ್ಮನ ಕೈಯಿಂದಲೇ ಆಗಬೇಕು. ನಿಮ್ಮ ಕೈ ಸುಮ್ನೆ ಮಡಿಲಲ್ಲಿರಲಿ. ಇದು ನಿಮಗೆ ತುಂಬಾ ಕಷ್ಟ ಅಂತ ಗೊತ್ತು.

ಒಂದು ಡಬ್ಬ ಬಿಟ್ಟಾಗ ಸಂಕಟ ಎಷ್ಟಾಯಿತು ಅಂತ ಹತ್ತಕ್ಕೆ ಅಂಕ ಹಾಕಲು ಹೇಳಿ. ಟೀಚರ್‌ಗೆ ಅಂಕ ಹಾಕುವುದು ಹೊಸದಲ್ಲ. ಎಂಟು ಅನ್ನಬಹುದು. ಒಂದು ಗಂಟೆ ಬಿಟ್ಟು ಕೇಳಿ, ಮಾರನೇ ದಿನ ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಅವರೇ ಬರೆಯಲಿ. ಎಂಟು ಐದಾಗುತ್ತದೆ, ಐದು ಎರಡಾಗುತ್ತದೆ. ಸಂಕಟ ಬರುತ್ತದೆ, ಆದರೆ ಹೋಗುತ್ತದೆ ಅಂತ ನಾನು ನೂರು ಸಲ ಹೇಳಿದರೂ ನಂಬದವರು, ಸ್ವಂತ ಅಕ್ಷರದಲ್ಲಿ ಬರೆದದ್ದನ್ನು ನಂಬುತ್ತಾರೆ. ಒಂದೊಂದು ದಿನ ಮಾರನೇ ಬೆಳಿಗ್ಗೆಯೂ ಎಂಟೇ ಇರಬಹುದು. ಆಗ ಗಾಬರಿ ಬೇಡ, ಆ ವಾರ ಅಲ್ಲಿಗೇ ನಿಲ್ಲಿಸಿ.

ಹೊಸದು ಬರುವುದನ್ನು ತಡೆಯುವುದು ಇದಕ್ಕಿಂತ ಮುಖ್ಯ. ಹೊರಗೆ ಹೋಗುವುದರ ಎರಡರಷ್ಟು ಒಳಗೆ ಬಂದರೆ ಎಲ್ಲ ವ್ಯರ್ಥ. ಮದುವೆ, ಗೃಹಪ್ರವೇಶಕ್ಕೆ ಹೋದಾಗ ತಾಂಬೂಲ ಬೇಡ ಅನ್ನಲಾಗುವುದಿಲ್ಲ. ತೆಂಗಿನಕಾಯಿ ತಗೊಂಡು ಚೀಲವನ್ನು ಅವತ್ತೇ ಪಕ್ಕದ ಮನೆಯವರಿಗೆ, ತರಕಾರಿಯವರಿಗೆ ಕೊಡುವ ಅಭ್ಯಾಸ ಮಾಡಬಹುದು. "ಬಿಸಾಡು" ಅಂದರೆ ಗಂಟಲು ಕಟ್ಟುವವರು "ಅವರಿಗೆ ಉಪಯೋಗಕ್ಕೆ ಬರುತ್ತೆ" ಅಂದರೆ ಎಷ್ಟೋ ಸಲ ಕೊಟ್ಟುಬಿಡುತ್ತಾರೆ. ರವಿಕೆ ಕಣಗಳಿಗೂ ಇದೇ ದಾರಿ. ಹೊಲಿಗೆ ಕಲಿಯುವ ಹುಡುಗಿಯರು ಹತ್ತಿರದಲ್ಲಿ ಯಾರಾದರೂ ಇದ್ದರೆ ಅಮ್ಮನೇ ಕೈಯಾರೆ ಕೊಡಲಿ.

ಕಸ, ಗುಜರಿ, ತಿಪ್ಪೆ, ಈ ಪದಗಳನ್ನು ನೀವು, ನಿಮ್ಮ ತಮ್ಮ ಇಬ್ಬರೂ ಬಿಡಬೇಕು. ಅಂದಹಾಗೆ, ಅರಸೀಕೆರೆಯ ಚಿಕ್ಕಮ್ಮನ ಮೇಲೆ ನನಗೆ ತುಂಬಾ ಭರವಸೆ ಇದೆ. ಟೆಂಪೊ ತರಿಸಿದವರಲ್ಲಿ ಅವರಿರಲಿಲ್ಲ. ಅಮ್ಮನ ಪಕ್ಕ ಕೂರಲು ಈಗ ನಿಮಗಿಂತ ಅವರೇ ಸರಿ. ತಿಂಗಳಿಗೆ ಎರಡು ಸಲ ಬಂದು ಕಾಫಿ ಕುಡಿಯುತ್ತಾ ಒಂದು ಚೀಲ ನೋಡಿದರೂ ಸಾಕು.

ಬೆಂಗಳೂರಿಗೆ ಕರೆತರುವುದು? ಈಗ ಬೇಡ ಅನ್ನುತ್ತೇನೆ. ಗಂಡನನ್ನು ಕಳೆದುಕೊಂಡಿದ್ದಾರೆ, ಸಾಮಾನು ಕಳೆದುಕೊಂಡಿದ್ದಾರೆ. ಊರನ್ನೂ ಕಳೆದುಕೊಂಡರೆ ಉಳಿಯುವುದೇನು? ಬಂದರೂ ನಿಮ್ಮ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಮತ್ತೆ ಶುರುವಾಗುತ್ತದೆ, ಈ ಸಲ ನಿಮ್ಮ ಕಣ್ಣೆದುರಿಗೆ, ದಿನಾ ಜಗಳ. ಬಿದ್ದು ಪೆಟ್ಟಾದರೆ, ನೆನಪಿನ ತೊಂದರೆ ಕಂಡರೆ, ಅಡುಗೆ ಮಾಡಿಕೊಳ್ಳಲು ಆಗದಿದ್ದರೆ ಆಗ ಯೋಚನೆ ಬೇರೆ.

ಇನ್ನು ನಿಮ್ಮ ಭಯ. ಈ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನ, ಮನೆಯಲ್ಲಿ ಇನ್ನೊಬ್ಬರಿಗೂ ಹೀಗೇ ಇತ್ತು ಅನ್ನುತ್ತಾರೆ. ಹಾಗಂತ ನಿಮಗೆ ಬಂದೇ ಬರುತ್ತದೆ ಅಂತಲ್ಲ. ಮಕ್ಕಳ ಚಿಕ್ಕ ಬಟ್ಟೆ ಎತ್ತಿಡದ ತಾಯಿ ಯಾರಿದ್ದಾರೆ? ಈ ವಾರ ಒಂದು ಕೆಲಸ ಮಾಡಿ. ಆ ಗಂಟು ಬಿಚ್ಚಿ. ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿ. ಐದನ್ನು ಇಟ್ಟುಕೊಳ್ಳಿ, ಉಳಿದದ್ದನ್ನು ಪುಟ್ಟ ಮಗು ಇರುವ ಮನೆಗೆ ಕೊಡಿ. ಅಂಕ ಬರೆದಿಡಿ, ಮಾರನೇ ದಿನ ಮತ್ತೆ ನೋಡಿ. ಸುಲಭವಾಗಿ ಆಯಿತು ಅಂದರೆ ಭಯ ಬಿಡಿ. ಕೈ ನಡುಗಿತು, ರಾತ್ರಿ ನಿದ್ದೆ ಬರಲಿಲ್ಲ, ಹೋಗಿ ವಾಪಸ್ ಕೇಳಬೇಕು ಅನ್ನಿಸಿತು ಅಂದರೆ ನೀವೂ ಒಮ್ಮೆ ಯಾರ ಹತ್ತಿರವಾದರೂ ಮಾತಾಡಿ. ಎರಡರಲ್ಲಿ ಯಾವುದಾದರೂ ಸರಿ, ಏನಾಯಿತು ಅನ್ನುವುದನ್ನು ಹಾಸನಕ್ಕೆ ಹೋದಾಗ ಅಮ್ಮನಿಗೆ ಹೇಳಿ. ಅವತ್ತು ಬೇರೆ ಏನೂ ಮಾಡಬೇಡಿ. ಚೀಲ ತಗೊಂಡು ಹೋಗಬೇಡಿ. ದಿವಾನದ ಆ ಅರ್ಧದಲ್ಲಿ ಎಲ್ಲಿ ಜಾಗ ಸಿಗುತ್ತದೋ ಅಲ್ಲಿ ಅವರ ಪಕ್ಕ ಕೂತು, ಅಪ್ಪನ ಡೈರಿಯಲ್ಲಿ ಏನೇನು ಬರೆದಿತ್ತು ಅಂತ ಕೇಳಿ.